ವರ್ತಕರು ಕಟ್ಟಿದ ವಿಶ್ರಾಂತಿಯ ಮನೆ

ಹ್ಯಾಂಬರ್ಗಿನಿಂದ ರೈಲು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ ಲ್ಯೂಬೆಕ್. ಗಿರೀಶ ಕಾರ್ನಾಡರ ‘ಹಯವದನ’ಕ್ಕೆ ಪ್ರೇರಣೆಯಾದ, ತಲೆಗಳು ಅದಲುಬದಲಾಗುವ ಕಿರುಕಾದಂಬರಿ ಬರೆದ ಥಾಮಸ್ ಮಾನ್ ಹುಟ್ಟಿದ್ದು ಈ ಬಂದರಿನಲ್ಲಿ. ಬಂದವರು ಹೋಲ್ಸ್ಟನ್ ಹೆಬ್ಬಾಗಿಲಿನ ಮುಂದೆ ಫೋಟೊ ತೆಗೆಸಿಕೊಂಡು, ಬಾದಾಮಿಯ ಮಾರ್ಜಿಪಾನ್ ಕಟ್ಟಿಸಿಕೊಂಡು, ಸಂಜೆಯ ರೈಲಿಗೆ ಹೊರಟುಬಿಡುತ್ತಾರೆ. ಹಳೆಯ ಊರಿನ ಉತ್ತರಕ್ಕಿರುವ ಕೋಬರ್ಗ್ ಚೌಕಕ್ಕೆ ಬರುವವರು ಕಡಿಮೆ. ನನ್ನ ಮಟ್ಟಿಗೆ ಲ್ಯೂಬೆಕ್‌ನ ನಿಜವಾದ ಹೆಮ್ಮೆ ಇರುವುದು ಅಲ್ಲೇ: ಹೈಲಿಗನ್ ಗೈಸ್ಟ್ ಹಾಸ್ಪಿಟಲ್, ಅಂದರೆ ಪವಿತ್ರಾತ್ಮನ ಹೆಸರಿನ ಆಸ್ಪತ್ರೆ.

ಆಸ್ಪತ್ರೆ ಎಂದರೆ ಇಂದಿನ ಅರ್ಥದ್ದಲ್ಲ. ಬಡವರು, ರೋಗಿಗಳು, ದಿಕ್ಕಿಲ್ಲದ ವೃದ್ಧರು ಬಂದು ಇರಬಹುದಾಗಿದ್ದ ಆಸರೆ. 1286ರಲ್ಲಿ ಊರಿನ ಶ್ರೀಮಂತ ವರ್ತಕರು ಇದನ್ನು ಕಟ್ಟಿಸಿದರು. ಲ್ಯೂನೆಬರ್ಗ್‌ನ ಉಪ್ಪು ಇಲ್ಲಿಂದ ಹಡಗು ಹತ್ತಿ ಸ್ವೀಡನ್ ಕಡೆಗೆ ಹೋಗುತ್ತಿತ್ತು. ಅದೇ ಉಪ್ಪು ಹಾಕಿದ ಹೆರಿಂಗ್ ಮೀನು ಪೀಪಾಯಿಗಳಲ್ಲಿ ತುಂಬಿ ಬರುತ್ತಿತ್ತು. ಕ್ರೈಸ್ತರು ಮಾಂಸ ಬಿಡುವ ಉಪವಾಸದ ದಿನಗಳು ವರ್ಷದಲ್ಲಿ ಬಹಳ ಇದ್ದುದರಿಂದ ಮೀನಿಗೆ ಯುರೋಪಿನ ತುಂಬ ಗಿರಾಕಿ. ಹಾಗೆ ಬಂದ ಹಣದಲ್ಲಿ ಒಂದು ಪಾಲು ದಾನಕ್ಕೆ ಹೋಯಿತು. ಕೊಟ್ಟವರ ಮನಸ್ಸಿನಲ್ಲಿ ಸತ್ತ ಮೇಲಿನ ಸದ್ಗತಿಯ ಆಸೆಯೂ ಇತ್ತು. ಇದ್ದರೇನು? ಏಳು ಶತಮಾನ ಮುದುಕರಿಗೆ ಹಾಸಿಗೆ ಸಿಕ್ಕಿತಲ್ಲ.

ಬಾಗಿಲು ದಾಟಿದರೆ ಮೊದಲು ಸಿಗುವುದು ಕಮಾನು ಚಾವಣಿಯ ಚರ್ಚು, ಗೋಡೆಗಳಲ್ಲಿ 14ನೇ ಶತಮಾನದ ಚಿತ್ರಗಳು. ಅದರ ಹಿಂದೆ ಉದ್ದನೆಯ ಹಜಾರ. ಮೊದಲೆಲ್ಲ ಅಲ್ಲಿ ಮಂಚಗಳನ್ನು ಸಾಲಾಗಿ ಹಾಕಿದ್ದರು. 1820ರ ಸುಮಾರಿಗೆ ಮರದ ಹಲಗೆಗಳಿಂದ ಪುಟ್ಟ ಪುಟ್ಟ ಕೋಣೆ ಮಾಡಿದರು. ಒಂದೊಂದೂ ಸುಮಾರು ನಾಲ್ಕು ಚದರ ಮೀಟರ್. ಅಷ್ಟರಲ್ಲೇ ಮಲಗಬೇಕು, ಸಾಮಾನು ಇಟ್ಟುಕೊಳ್ಳಬೇಕು. ಇಕ್ಕಟ್ಟು ನಿಜ, ಆದರೆ ಎಲ್ಲರ ಕಣ್ಣೆದುರು ಮಲಗುತ್ತಿದ್ದವರಿಗೆ ತಮ್ಮದೇ ಆದ ಒಂದು ಬಾಗಿಲು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. 1970ರ ಹೊತ್ತಿನವರೆಗೂ ಈ ಕೋಣೆಗಳಲ್ಲಿ ವೃದ್ಧರಿದ್ದರು. ಆಮೇಲೂ ಕಟ್ಟಡ ಸಮುಚ್ಚಯದ ಒಂದು ಭಾಗದಲ್ಲಿ ವೃದ್ಧಾಶ್ರಮ ನಡೆಯುತ್ತಿತ್ತು.

1942ರ ಮಾರ್ಚ್‌ನಲ್ಲಿ ಬ್ರಿಟಿಷ್ ಬಾಂಬುಗಳು ಹಳೆಯ ಊರಿನ ದೊಡ್ಡ ಭಾಗವನ್ನು ಸುಟ್ಟುಹಾಕಿದವು. ಈ ಕಡೆ ಉಳಿಯಿತು. 1987ರಲ್ಲಿ ಹಳೆಯ ಲ್ಯೂಬೆಕ್ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಚೌಕದಿಂದ ಸ್ವಲ್ಪ ನಡೆದರೆ ಗ್ಲೋಕನ್‌ಗೀಸರ್ ಬೀದಿಯಲ್ಲಿ ಫ್ಯುಖ್ಟಿಂಗ್ ಎಂಬ ವರ್ತಕನ ಉಯಿಲಿನಂತೆ 1639ರಲ್ಲಿ ಶುರುವಾದ ವಠಾರ ಸಿಗುತ್ತದೆ. ವರ್ತಕರ, ನಾವಿಕರ ವಿಧವೆಯರಿಗೆಂದು ಕಟ್ಟಿದ್ದು. ಕಡಲಿಗೆ ಹೋದವರೆಲ್ಲ ಹಿಂತಿರುಗುತ್ತಿರಲಿಲ್ಲ ಎಂಬುದು ಬಂದರಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೀದಿಯ ಕಡೆಯಿಂದ ದೊಡ್ಡ ಬಾಗಿಲು, ಒಳಗೆ ಗಿಡಬಳ್ಳಿಗಳ ಅಂಗಳ, ಸುತ್ತ ಮನೆಗಳು.

ಲ್ಯೂಬೆಕ್‌ಗೆ ಹೋಗುವವರು ಸಂಜೆಯ ರೈಲನ್ನು ಬಿಟ್ಟು ಒಂದು ರಾತ್ರಿಯಾದರೂ ಉಳಿಯಿರಿ. ಇಂಥ ವಠಾರಗಳಲ್ಲಿ ಇಂದಿಗೂ ಜನ ಸಂಸಾರ ನಡೆಸುತ್ತಿದ್ದಾರೆ. ಅಂಗಳಕ್ಕೆ ಹೋದಾಗ ದನಿ ತಗ್ಗಿಸಿ, ಅವರ ಕಿಟಕಿಗಳಿಗೆ ಕ್ಯಾಮೆರಾ ಹಿಡಿಯಬೇಡಿ.