ತಪ್ಪು ವೈರಿನದಲ್ಲ, ಜಡೆಯದು

ಚೋಕ್ ಎಳೆಯುವ ಗುಬಟು ಮುಟ್ಟಿದರೆ ಬೆರಳು ಚುರ್ರೆನ್ನುತ್ತಿತ್ತು. ಎಂಜಿನ್ ಇನ್ನೂ ಸ್ಟಾರ್ಟೇ ಆಗಿರಲಿಲ್ಲ. ಗಾಡಿಯ ಯಜಮಾನರಾದ ಗೌಡರು ಎರಡು ಮೂರು ಸಲ ಸೆಲ್ಫ್ ಹೊಡೆದಿದ್ದರು, ಮೋಟರು ಗೊರ್ರ್ ಎಂದು ನರಳಿ ಸುಮ್ಮನಾಗಿತ್ತು, ಅಷ್ಟೆ. ಎಂಜಿನ್ ತಣ್ಣಗಿರುವಾಗ ಅದಕ್ಕೆ ಸಿಕ್ಕಿಸಿದ ಬಡಪಾಯಿ ಕೇಬಲ್ಲೊಂದು ಹೀಗೆ ಕಾಯುವುದೆಂದರೇನು? ಮೂಡಿಗೆರೆ ಕಡೆಯ ಆ ಗ್ಯಾರೇಜಿಗೆ ನಾನು ಹೋಗಿದ್ದು ಹಳೇ ಜೀಪುಗಳ ಫೋಟೊ ತೆಗೆಯಲು. ಕ್ಯಾಮೆರಾ ಬ್ಯಾಗಿನಲ್ಲೇ ಉಳಿಯಿತು.

ಗಾಡಿ ಮಹೀಂದ್ರ ಎಫ್‌ಸಿ-150. ಮಲೆನಾಡಿನವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಮೂತಿಯೇ ಇಲ್ಲದ, ಎದುರಿಗೆ ಬಂದರೆ ಏನೋ ಕೇಳಲು ಬಂದಂತೆ ಕಾಣುವ ಪುಟ್ಟ ಲಾರಿ. ಅಮೆರಿಕದ ವಿಲ್ಲಿಸ್ ಕಂಪನಿಗೆ ಬ್ರೂಕ್ಸ್ ಸ್ಟೀವನ್ಸ್ ರೂಪ ಕೊಟ್ಟ ಮಾದರಿ. 1956ರ ಕೊನೆಗೆ ಅಲ್ಲಿ ಹೊರಬಂತು, 1965ರಲ್ಲಿ ಮಹೀಂದ್ರ ಇದರ ಮೂಲಕವೇ ಇಲ್ಲಿ ಸಣ್ಣ ಲಾರಿಗಳ ವ್ಯಾಪಾರಕ್ಕೆ ಇಳಿಯಿತು. ಜೀಪಿನದೇ 81 ಇಂಚಿನ ವೀಲ್‌ಬೇಸು, ಜೀಪಿನದೇ 2.2 ಲೀಟರಿನ ನಾಲ್ಕು ಸಿಲಿಂಡರ್ ಹರಿಕೇನ್ ಪೆಟ್ರೋಲ್ ಎಂಜಿನ್. ಅದು ಕೂತಿರುವುದು ಕ್ಯಾಬಿನ್ನಿನೊಳಗೆ, ಡ್ರೈವರಿಗೂ ಪಕ್ಕದವನಿಗೂ ನಡುವೆ, ತಗಡಿನ ಮುಚ್ಚಳದಡಿ. ಬೇಸಿಗೆಯಲ್ಲಿ ತೊಡೆ ಬೇಯುತ್ತದೆ. ಆಷಾಢದ ಮಳೆಯಲ್ಲಿ ಅದೇ ಬಿಸಿ ಹಿತ. ಇಂಥ ಎಷ್ಟೋ ಗಾಡಿಗಳ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ್ದಾರೆ. ಈ ಗೌಡರು ಮಾತ್ರ ಪೆಟ್ರೋಲನ್ನೇ ಉಳಿಸಿಕೊಂಡಿದ್ದರು. ಅವರ ಮೇಲೆ ನನಗೆ ಪ್ರೀತಿ ಹುಟ್ಟಲು ಅಷ್ಟು ಸಾಕು.

ಗೌಡರ ದೂರಿನ ಪಟ್ಟಿ ದೊಡ್ಡದಿತ್ತು. ಗಾಡಿ ಏರಿನಲ್ಲಿ ಮಿಸ್ಸಿಂಗ್ ಹೊಡೆಯುತ್ತಿತ್ತಂತೆ. ಪ್ಲಗ್ ವೈರ್ ಹಳತಾಗಿದೆ ಎಂದು ಯಾರೋ ಹೇಳಿದರು. ತಂಗಿಯ ಮಗನನ್ನು ಜೊತೆಗಿಟ್ಟುಕೊಂಡು ತಾವೇ ಕೆಂಪು ಬಣ್ಣದ ಹೊಸ ಸೆಟ್ ಹಾಕಿದರು. ಮರುದಿನದಿಂದ ಸೆಲ್ಫ್ ಎಳೆಯುತ್ತಿಲ್ಲ, ಹೇಗೋ ತಳ್ಳಿ ಸ್ಟಾರ್ಟ್ ಮಾಡಿದರೆ ಮೊದಲಿಗಿಂತ ಜೋರು ಮಿಸ್ಸಿಂಗು, ಆಂಪಿಯರ್ ಮೀಟರಿನ ಮುಳ್ಳು ಕುಣಿಯುತ್ತದೆ, ರೇಡಿಯೊ ಹಚ್ಚಿದರೆ ಬರೀ ಕೊರಕೊರ. "ವೈರೇ ಡೂಪ್ಲಿಕೇಟು ಭಾಯ್" ಎಂದು ಅವರು ಆಗಲೇ ತೀರ್ಪು ಕೊಟ್ಟಾಗಿತ್ತು. ಇನ್ನೊಂದು ಸೆಟ್ಟೂ ತಂದಿದ್ದರು.

ಗ್ಯಾರೇಜಿನ ಮೇಸ್ತ್ರಿ ಭಾಯ್ ಹೊಸ ಸೆಟ್ಟನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮುಚ್ಚಳ ಎತ್ತಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೊ ಕ್ಯಾಪಿನ ಮೇಲೆ ಬೆರಳಿಟ್ಟು, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಎಣಿಸಿದರು: ಒಂದು, ಮೂರು, ನಾಲ್ಕು, ಎರಡು. ಸರಿಯಿತ್ತು. ಹೊಸ ವೈರ್ ಹಾಕಿದ ಮೇಲೆ ಬರುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದೇ ಇದು. ಎರಡು ವೈರ್ ಅದಲುಬದಲಾದರೆ ಸಾಕು, ಕಾರ್ಬ್ಯುರೇಟರಿನಲ್ಲಿ ಪಟಾಕಿ. ಆಮೇಲೆ ವೈರುಗಳು ಒಂದಕ್ಕೊಂದು ಒತ್ತಿ ಸಾಲಾಗಿ ಓಡಿವೆಯೇ ಎಂದು ನೋಡಿದರು. ಅಕ್ಕಪಕ್ಕದ ಸಿಲಿಂಡರುಗಳು ಒಂದರ ಹಿಂದೊಂದು ಸಿಡಿಯುವ ಎಂಜಿನ್ನಿನಲ್ಲಿ ಒಂದರ ಕಿಡಿ ಇನ್ನೊಂದಕ್ಕೆ ಹಾರುವುದುಂಟು. ಷೆವರ್ಲೆಯ ಹಳೇ ಎಂಟು ಸಿಲಿಂಡರ್ ಎಂಜಿನ್ನಿನ 5 ಮತ್ತು 7ನೇ ವೈರುಗಳು ಇದಕ್ಕೇ ಹೆಸರುವಾಸಿ. ಇಲ್ಲಿ ಅದೂ ಇರಲಿಲ್ಲ.

"ಗೌಡ್ರೇ, ಏನೇನು ಬಿಚ್ಚಿದ್ರಿ?"

"ವೈರ್ ಮಾತ್ರ ಭಾಯ್, ಬೇರೇನೂ ಮುಟ್ಟಿಲ್ಲ."

"ಹಳೇ ವೈರ್ ಹಿಡ್ಕೊಂಡಿದ್ದ ಕ್ಲಿಪ್ಪು?"

ಗೌಡರು ಹುಡುಗನ ಮುಖ ನೋಡಿದರು. ಹೊಸ ವೈರು ದಪ್ಪ, ಕ್ಲಿಪ್ಪಿನಲ್ಲಿ ಹಿಡಿಸಲಿಲ್ಲ, ಬೋಲ್ಟ್ ಸಮೇತ ಬಿಚ್ಚಿ ಡಬ್ಬಿಗೆ ಹಾಕಿದ್ದ. ಭಾಯ್ ಟಾರ್ಚ್ ಬಿಟ್ಟು ಎಂಜಿನ್ನಿನ ಸಂದಿಗೆ ಕೈ ತೂರಿಸಿದರು. ಬೆರಳಗಲದ, ಹಸಿರು ಕಿಲುಬು ಹಿಡಿದ ತಾಮ್ರದ ಜಡೆಯೊಂದು ಮೇಲೆ ಬಂತು. ಒಂದು ತುದಿ ಚಾಸಿಗೆ ಬಿಗಿದಿತ್ತು, ಇನ್ನೊಂದು ಗಾಳಿಯಲ್ಲಿ. ಹಿಂದೆ ಯಾವನೋ ಮೇಸ್ತ್ರಿ ಕ್ಲಿಪ್ಪಿನ ಬೋಲ್ಟಿಗೇ ಎಂಜಿನ್ನಿನ ಅರ್ತ್ ಕೂರಿಸಿದ್ದ.

ಈ ಜಡೆಯ ಕೆಲಸ ಗೊತ್ತಾದರೆ ಎಲ್ಲ ದೂರಿಗೂ ಉತ್ತರ ಸಿಗುತ್ತದೆ. ಬ್ಯಾಟರಿಯ ಮೈನಸ್ ಚಾಸಿಗೆ ಸೇರಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ, ಅಂದರೆ ಚಾಸಿಗೂ ಅದಕ್ಕೂ ವಿದ್ಯುತ್ತಿನ ಸಂಬಂಧವಿಲ್ಲ. ಸೆಲ್ಫ್ ಮೋಟರಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಹೋದದ್ದು ಬ್ಯಾಟರಿಗೆ ವಾಪಸಾಗಲು ದಾರಿ ಈ ಜಡೆಯೊಂದೇ. ಅದು ಕಳಚಿದರೆ, ಮೋರಿ ಕಟ್ಟಿಕೊಂಡಾಗ ನೀರು ಮನೆಯೊಳಗೆ ನುಗ್ಗುವಂತೆ, ಕರೆಂಟು ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವೆ ಲೋಹದ ಸಂಪರ್ಕ ಎಲ್ಲಿದೆ? ಚೋಕ್ ಕೇಬಲ್ಲಿನಲ್ಲಿ, ಆಕ್ಸಿಲರೇಟರ್ ಕಡ್ಡಿಯಲ್ಲಿ. ಪೆಟ್ರೋಲ್ ಹನಿಯುವ ಕಾರ್ಬ್ಯುರೇಟರಿನ ಪಕ್ಕದಲ್ಲೇ ಆ ಕೇಬಲ್ಲು ಹೀಟರ್ ಕಾಯಿಲಿನಂತಾಗಿತ್ತು. ಗೌಡರಿಗೆ ಇದು ಅರ್ಥವಾದಾಗ ಅವರು ಬೀಡಿ ಆರಿಸಿದರು. ಕಿಡಿ ಹುಟ್ಟಿಸುವ ಪಾಯಿಂಟಿಗೂ ಡೈನಮೊಗೂ ಅರ್ತ್ ಸಿಗುವುದು ಎಂಜಿನ್ನಿನ ಮೈಯಿಂದಲೇ. ಮಿಸ್ಸಿಂಗು, ಮುಳ್ಳಿನ ಕುಣಿತ ಅಲ್ಲಿಂದ ಬಂದದ್ದು.

ಭಾಯ್ ತಕ್ಷಣ ಜಡೆ ಬಿಗಿಯಲಿಲ್ಲ. ಮೊದಲು ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಚುಚ್ಚಿ ಹುಡುಗನಿಂದ ಸೆಲ್ಫ್ ಹೊಡೆಸಿದರು. ಅರ್ತ್ ಚೆನ್ನಾಗಿದ್ದರೆ ಮೀಟರು ಅರ್ಧ ವೋಲ್ಟ್ ದಾಟಬಾರದು. ಇಲ್ಲಿ ಐದರ ಮೇಲೆ ಹೋಯಿತು: 12 ವೋಲ್ಟಿನ ಬ್ಯಾಟರಿಯ ಹೆಚ್ಚುಕಡಿಮೆ ಅರ್ಧ ಶಕ್ತಿ ದಾರಿಯಲ್ಲೇ ಸೋರಿಕೆ. ಆಮೇಲೆ ಜಂಪರ್ ಕೇಬಲ್ಲಿನಿಂದ ಮೈನಸ್ಸನ್ನು ನೇರ ಎಂಜಿನ್ನಿಗೆ ಮುಟ್ಟಿಸಿದರು. ಸೆಲ್ಫ್ ಗಿರ್ರನೆ ತಿರುಗಿತು, ಎಂಜಿನ್ ಹೊತ್ತಿಕೊಂಡಿತು. ಮೀಟರಿಲ್ಲದವರೂ ಮನೆಯಂಗಳದಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ ಇದು.

ರೇಡಿಯೊದ ಕೊರಕೊರ ಮಾತ್ರ ಹೋಗಲಿಲ್ಲ. ಅದೊಂದು ತಪ್ಪು ನಿಜವಾಗಿಯೂ ಕೆಂಪು ವೈರಿನದು. ಒಳಗೆ ಬರೀ ತಾಮ್ರದ ಎಳೆ ಇರುವ ವೈರು ಪ್ರತಿ ಕಿಡಿಗೂ ಸುತ್ತ ರೇಡಿಯೊ ಅಲೆ ಚೆಲ್ಲುತ್ತದೆ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ದೂರದ ಗಂಟೆ ಬಾರಿಸಿದ್ದೂ ಕಿಡಿಯಿಂದ ಹುಟ್ಟಿದ ಅಲೆಗಳಿಂದಲೇ. ಅದೇ ತತ್ತ್ವ ಪ್ರತಿ ಪೆಟ್ರೋಲ್ ಗಾಡಿಯ ಹೊಟ್ಟೆಯಲ್ಲೂ ಗೊತ್ತಿಲ್ಲದೆ ನಡೆಯುತ್ತಿರುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವೈರ್‌ಲೆಸ್ ಸೆಟ್ಟುಗಳಿಗೆ ಇದು ದೊಡ್ಡ ಕಾಟವಾಗಿತ್ತು. ಹಳೇ ಫೋಟೊಗಳಲ್ಲಿ ಅಮೆರಿಕದ ಸೈನ್ಯದ ಜೀಪುಗಳ ಬಾನೆಟ್ ನೋಡಿ: ನಂಬರಿನ ಕೊನೆಗೆ 'ಎಸ್' ಅಕ್ಷರ ಕಾಣುತ್ತದೆ. ಈ ಗಾಡಿಯ ಗದ್ದಲ ಅಡಗಿಸಿದೆ ಎಂಬ ಗುರುತು ಅದು. ಅಡಗಿಸಿದ್ದು ಹೇಗೆ? ಬೇರೆ ಉಪಾಯಗಳ ಜೊತೆಗೆ ಎಂಜಿನ್ನಿನಿಂದ ಚಾಸಿಗೆ, ಬಾಡಿಗೆ ಅಲ್ಲಲ್ಲಿ ತಾಮ್ರದ ಜಡೆ ಬಿಗಿದು. ನಾನು ಹಳೇ ಜೀಪಿನ ಫೋಟೊ ಸಿಕ್ಕಾಗಲೆಲ್ಲ ಮೊದಲು ಆ ಅಕ್ಷರ ಹುಡುಕುತ್ತೇನೆ. ಮನೆಯವರಿಗೆ ಇದು ತಮಾಷೆ. ಯುದ್ಧ ಮುಗಿದ ಮೇಲೆ ಬ್ರಿಟನ್ 1952ರಲ್ಲಿ ಗಾಡಿಗಳ ಕಿಡಿಯ ಗದ್ದಲಕ್ಕೆಂದೇ ನಿಯಮ ಮಾಡಿತು. ವೈರಿನೊಳಗೆ ತಾಮ್ರದ ಬದಲು ಇಂಗಾಲ ಹೊಕ್ಕಿದ್ದು ಈ ಕಾರಣಕ್ಕೇ. ಆ ವೈರಿನ ಒಂದೊಂದು ಅಡಿಗೂ ಕೆಲವು ಸಾವಿರ ಓಮ್ ತಡೆ ಇರುತ್ತದೆ, ಆದರೂ ಹತ್ತು ಸಾವಿರ ವೋಲ್ಟ್ ದಾಟುವ ಕಿಡಿಗೆ ಅದರಿಂದ ತೊಂದರೆಯಿಲ್ಲ. ಬಣ್ಣದ ವೈರ್ ಹಾಕಿದರೆ ಪಿಕಪ್ ಹೆಚ್ಚುತ್ತದೆ ಎನ್ನುವ ಅಂಗಡಿಯ ಮಾತನ್ನು ನಾನಂತೂ ನಂಬುವುದಿಲ್ಲ.

ಭಾಯ್ ಪ್ಲಗ್ಗುಗಳಿಗೆ 5 ಕಿಲೊ ಓಮ್‌ನ ಕ್ಯಾಪ್ ಹಾಕಿಕೊಟ್ಟರು. ಭದ್ರಾವತಿ ಆಕಾಶವಾಣಿಯ ವಾರ್ತೆ ಕೇಳಿಸುವಷ್ಟಾಯಿತು. ಹಳೇ ಜಡೆ ಎಸೆದು ಹೊಸದು ಹಾಕಿದರು. ಬಣ್ಣ ಇದ್ದರೆ ಅರ್ತ್ ಹಿಡಿಯುವುದಿಲ್ಲವೆಂದು ಎರಡೂ ತುದಿಯ ಜಾಗವನ್ನು ಎಮರಿ ಪೇಪರಿನಿಂದ ಬೆಳ್ಳಗೆ ಉಜ್ಜಿಸಿದರು. ಉಜ್ಜಿದ್ದು ಗೌಡರ ತಂಗಿಯ ಮಗ.

ಕೊನೆಗೆ, ಯಾರೂ ಕೇಳದಿದ್ದರೂ, ಸೀಟಿನ ಹಿಂದೆ ಬಿದ್ದಿದ್ದ ಹಳೇ ವೈರುಗಳನ್ನು ಭಾಯ್ ಒಂದೊಂದಾಗಿ ಅಳೆದರು. ಕಾಯಿಲಿನದೂ ಸೇರಿ ಐದರಲ್ಲಿ ನಾಲ್ಕು ಗಟ್ಟಿಮುಟ್ಟು. ಮೂರನೇ ಸಿಲಿಂಡರಿನದು ಮಾತ್ರ ಒಳಗೇ ತುಂಡಾಗಿತ್ತು. ಮೊದಲ ಮಿಸ್ಸಿಂಗು ಅದರದೇ. ಬಿಚ್ಚದ ಎರಡನೇ ಸೆಟ್ಟನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳುತ್ತಾನೋ ಇಲ್ಲವೋ ಎಂದು ಗೌಡರು ಆಗಲೇ ಫೋನ್ ಹಚ್ಚಿದ್ದರು.