ಕಾಯಕವೂ ಕುಶಲತೆಯೂ

ಕುಶಲ ಎಂಬ ಪದವನ್ನು ಅಲಂಕಾರಶಾಸ್ತ್ರಕಾರರು ರೂಢಿಲಕ್ಷಣೆಗೆ ನಿದರ್ಶನವಾಗಿ ಎತ್ತಿಕೊಳ್ಳುವುದುಂಟು. ಕುಶವೆಂದರೆ ದರ್ಭೆ. ಅದರ ಅಂಚು ಬಲು ಹರಿತವಾದುದು. ಕೈಯನ್ನು ಕೊಯ್ದುಕೊಳ್ಳದೆ ಅದನ್ನು ಕಿತ್ತು ತರಬಲ್ಲವನೇ ಮೊದಲಲ್ಲಿ ಕುಶಲನೆನಿಸಿದನು. ಬರಬರುತ್ತ ದರ್ಭೆ ಮರೆಯಾಗಿ, ನಿಪುಣನೆಂಬ ಅರ್ಥವೊಂದೇ ಲೋಕದಲ್ಲಿ ನಿಂತಿತು. ಆದರೆ ಆ ಹಳೆಯ ಅರ್ಥವನ್ನು ಮರೆಯುವಂತಿಲ್ಲ. ಕೆಲಸವೂ ಆಗಬೇಕು, ಕೈಯೂ ಉಳಿಯಬೇಕು ಎಂಬ ಎರಡು ನಿಬಂಧನೆಗಳು ಅದರಲ್ಲಿ ಒಟ್ಟಿಗೆ ಅಡಗಿವೆ. ಇಂದು ಕೈಕಸುಬಿನ ದಕ್ಷತೆಯನ್ನು ಕುರಿತು ಮಾತನಾಡುವವರು ಬಹುಮಟ್ಟಿಗೆ ಮೊದಲನೆಯದನ್ನು ಮಾತ್ರ ನೆನೆಯುತ್ತಾರೆ.

ಮೈಸೂರಿನ ಹೆಬ್ಬಾಳವೆಂದೊಡನೆ ಹಲವರಿಗೆ ಅಲ್ಲಿಯ ಕೆರೆಯೂ ಗಣಕತಂತ್ರಾಂಶದ ವಿಶಾಲವಾದ ಆವರಣವೂ ಕಣ್ಣಮುಂದೆ ಬರುತ್ತವೆ. ಆದರೆ ಅಲ್ಲಿಯ ಕೈಗಾರಿಕಾ ಪ್ರದೇಶದ ಒಳಬೀದಿಗಳಲ್ಲಿ ನಡೆದರೆ ಬೇರೊಂದು ಲೋಕವೇ ಕಾಣುತ್ತದೆ. ತಗಡಿನ ಮಾಡಿನ ಕೆಳಗೆ ಎರಡೋ ಮೂರೋ ಲೇತ್ ಯಂತ್ರಗಳು, ಒಂದು ಕೊರೆಯುವ ಯಂತ್ರ, ಮೂಲೆಯಲ್ಲೊಂದು ಸಾಣೆಚಕ್ರ; ಇಷ್ಟೇ ಬಂಡವಾಳ. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಪಿನ್ನು, ಬುಷ್ಷು, ಷಾಫ್ಟುಗಳನ್ನು ಇಂಥ ಕಡೆ ಎಣಿಕೆಯ ಮೇಲೆ ಮಾಡಿಕೊಡುತ್ತಾರೆ. ಎಣಿಕೆಯ ಮೇಲೆ ಸಂಪಾದನೆಯಾದುದರಿಂದ ಬೇಗ ಮಾಡಬೇಕೆಂಬ ತವಕ ಸಹಜವೇ. ಈ ಬೇಗವು ಎಲ್ಲಿಂದ ಬರಬೇಕೆಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಹೊಸಬನಾದ ಟರ್ನರನು ಯಂತ್ರವನ್ನು ಜೋರಾಗಿ ಓಡಿಸಿದರೆ ಕೆಲಸ ಬೇಗ ಮುಗಿಯುವುದೆಂದು ಭಾವಿಸುತ್ತಾನೆ. ವಾಸ್ತವವಾಗಿ ಅವನ ದಿನದ ಹೆಚ್ಚಿನ ಪಾಲು ಲೋಹವನ್ನು ಕತ್ತರಿಸುವುದರಲ್ಲಿ ಕಳೆಯುವುದೇ ಇಲ್ಲ. ಚಕ್ಕಿನ ಕೀಲಿಯನ್ನು ಹುಡುಕುವುದು, ವರ್ನಿಯರಿಗಾಗಿ ಪಕ್ಕದ ಮೇಜಿಗೆ ಹೋಗುವುದು, ಮೊಂಡಾದ ಟೂಲನ್ನು ಹಿಡಿದು ಸಾಣೆಯ ಬಳಿ ಸರದಿ ಕಾಯುವುದು, ಟೂಲಿನ ಮೊನೆಯನ್ನು ಕೇಂದ್ರದ ಎತ್ತರಕ್ಕೆ ತರಲು ತಗಡಿನ ಚೂರುಗಳನ್ನು ಒಂದೊಂದಾಗಿ ಇಟ್ಟು ತೆಗೆದು ನೋಡುವುದು, ಇವುಗಳಲ್ಲಿ ಹೊತ್ತು ಸೋರಿಹೋಗುತ್ತದೆ. 60 ಪಿನ್ನುಗಳನ್ನು ಮಾಡಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಒಂದೊಂದಕ್ಕೂ ಇಂಥ ಓಡಾಟದಲ್ಲಿ ಎರಡೇ ನಿಮಿಷ ಹೋದರೂ ಒಟ್ಟಿನಲ್ಲಿ ಎರಡು ಗಂಟೆಯಾಯಿತು. ಆ ಎರಡು ಗಂಟೆಯನ್ನು ಯಾವ ವೇಗದ ಯಂತ್ರವೂ ತಂದುಕೊಡಲಾರದು.

ಅನುಭವಿಯಾದವನ ರೀತಿಯೇ ಬೇರೆ. ಅವನು ಒಂದೊಂದು ಟೂಲಿಗೂ ಬೇಕಾದ ತಗಡುಗಳನ್ನು ಅದರೊಡನೆಯೇ ದಾರದಿಂದ ಕಟ್ಟಿ ಇಟ್ಟಿರುತ್ತಾನೆ. ಮರುದಿನ ಅಳೆಯುವ ಗೊಡವೆಯೇ ಇಲ್ಲ. ಒಂದು ಪಿನ್ನನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕದೆ, 60ರ ಮುಖವನ್ನೂ ಮೊದಲು ಮಟ್ಟಮಾಡಿಕೊಂಡು, ಆಮೇಲೆ 60ನ್ನೂ ಅಳತೆಗೆ ಇಳಿಸುತ್ತಾನೆ. ಇದರಿಂದ ಟೂಲನ್ನು ಬದಲಿಸುವುದು ಅರುವತ್ತು ಸಲವಲ್ಲ, ಒಂದೇ ಸಲ. ಸ್ಪಿಂಡಲಿನ ರಂಧ್ರದೊಳಗೆ ಒಂದು ತಡೆಯನ್ನು ಕೂರಿಸಿಟ್ಟರೆ ಪ್ರತಿಯೊಂದು ತುಂಡೂ ಒಳಹೋಗಿ ಅಲ್ಲಿಯೇ ನಿಲ್ಲುತ್ತದೆ. ಉದ್ದವನ್ನು ಮತ್ತೆ ಮತ್ತೆ ಅಳೆಯಬೇಕಾಗಿಲ್ಲ. ಒಂದು ತುದಿ ತೂರಬೇಕಾದ, ಇನ್ನೊಂದು ತುದಿ ತೂರಬಾರದ ಗೇಜು ಕೈಯಲ್ಲಿದ್ದರೆ ವರ್ನಿಯರಿನ ಗೆರೆಗಳನ್ನು ಎಣಿಸುವ ಕಣ್ಣಿನ ಶ್ರಮವೂ ಉಳಿಯಿತು. ಮೊದಲನೆಯ ತುಂಡನ್ನು ಮಾತ್ರ ನಿಧಾನವಾಗಿ, ನಕ್ಷೆಯೊಡನೆ ಹೋಲಿಸಿ, ಎಲ್ಲ ಕಡೆಯಿಂದಲೂ ಅಳೆಯುತ್ತಾನೆ. ಅಲ್ಲಿ ಆತುರಪಟ್ಟವನು ಸಂಜೆಗೆ 60 ತಪ್ಪುಗಳನ್ನು ಎಣಿಸಬೇಕಾದೀತು.

ಇನ್ನು ವೇಗದ ಮಾತು. ತಿರುಗುವ ವಸ್ತುವಿನ ವ್ಯಾಸ ಹೆಚ್ಚಿದಷ್ಟೂ ಸುತ್ತುಗಳು ಕಡಮೆಯಾಗಬೇಕೆಂಬುದು ಮೂಲಸೂತ್ರ. ಹೈಸ್ಪೀಡ್ ಉಕ್ಕಿನ ಟೂಲಿನಿಂದ ಮೆದು ಉಕ್ಕನ್ನು ನಿಮಿಷಕ್ಕೆ ಸುಮಾರು 30 ಮೀಟರಿನ ವೇಗದಲ್ಲಿ ಕತ್ತರಿಸಬಹುದು. ಬಾಯಿಲೆಕ್ಕಕ್ಕೆ ಸುಲಭವಾಗುವಂತೆ ಹೇಳುವುದಾದರೆ, 9,600ನ್ನು ಮಿಲಿಮೀಟರಿನಲ್ಲಿರುವ ವ್ಯಾಸದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತೆಂಬುದು ದೊರೆಯುತ್ತದೆ. 40 ಮಿಲಿಮೀಟರಿಗೆ 240 ಸುತ್ತು, 20ಕ್ಕೆ 480, 12ಕ್ಕೆ 800. ಕಾರ್ಬೈಡಿನ ಟೂಲಾದರೆ ಇದರ ಮೂರು ನಾಲ್ಕು ಪಟ್ಟನ್ನೂ ತಾಳುತ್ತದೆ. ಎಲ್ಲ ವ್ಯಾಸಕ್ಕೂ ಒಂದೇ ವೇಗವನ್ನಿಟ್ಟು, ಟೂಲು ಸುಟ್ಟುಹೋಯಿತೆಂದು ಟೂಲನ್ನೇ ಬಯ್ಯುವ ಹುಡುಗರುಂಟು. ಹೈಸ್ಪೀಡ್ ಉಕ್ಕಿನಿಂದ ಬರುವ ಲೋಹದ ಸುರುಳಿಯು ನೀಲಿಯಾಗಿದ್ದರೆ ಕಾವು ಮೀರಿತೆಂದು ಅರ್ಥ. ಅನುಭವಿಗಳು ಅಂಕಿಗಿಂತ ಮೊದಲು ಆ ಬಣ್ಣವನ್ನೇ ನೋಡುತ್ತಾರೆ.

ಈ ಜ್ಞಾನ ಸುಲಭವಾಗಿ ಬಂದುದಲ್ಲ. ಅಮೆರಿಕೆಯ ಫ್ರೆಡರಿಕ್ ಟೇಲರನು ಲೋಹವನ್ನು ಕತ್ತರಿಸುವ ವಿಧಾನವೊಂದನ್ನೇ ಕುರಿತು 26 ವರ್ಷ ಪ್ರಯೋಗಗಳನ್ನು ನಡೆಸಿ, 1906ರಲ್ಲಿ ಅವುಗಳ ಫಲವನ್ನು ಇಂಜಿನಿಯರುಗಳ ಸಭೆಯ ಮುಂದಿಟ್ಟನು. ಹೈಸ್ಪೀಡ್ ಉಕ್ಕಿನ ಟೂಲುಗಳು ಆತನೂ ಮಾನ್ಸೆಲ್ ವೈಟನೂ ಕೂಡಿ ಸಾಧಿಸಿದವು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜನ ಅವನ್ನು ಬೆರಗಿನಿಂದ ನೋಡಿದರು. ನಮ್ಮ ನಾಡಿನಲ್ಲಿ 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯೂ, 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯೂ ಲೇತುಗಳನ್ನು ತಯಾರಿಸಿ ಹಂಚಿದವು. ಹರಿಹರದ ಕಾರ್ಖಾನೆ ಮುಚ್ಚಿಹೋಗಿ ವರ್ಷಗಳಾದರೂ ಅದರ ಲೇತುಗಳು ಸಣ್ಣ ಕಾರ್ಯಾಗಾರಗಳಲ್ಲಿ ಇನ್ನೂ ತಿರುಗುತ್ತಿವೆ.

ಟೇಲರನ ವಿಷಯದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಕೆಲಸಗಾರರು ಬೇಕೆಂದೇ ನಿಧಾನ ಮಾಡುತ್ತಾರೆಂದು ಆತನು ದೂರಿದನು, ನಿಜ. ಆದರೆ ಅದರ ಕಾರಣವನ್ನೂ ಮರೆಮಾಚಲಿಲ್ಲ. ಎಣಿಕೆಯ ಮೇಲೆ ಕೂಲಿ ಪಡೆಯುವವನು ಹೆಚ್ಚು ಮಾಡಿ ತೋರಿಸಿದೊಡನೆ ಯಜಮಾನನು ದರವನ್ನು ಇಳಿಸಿಬಿಡುತ್ತಾನೆ. ಎರಡು ಮೂರು ಸಲ ಹೀಗಾದ ಮೇಲೆ ಯಾವನು ತನ್ನ ಚಾತುರ್ಯವನ್ನು ಬಯಲುಮಾಡಿಯಾನು? ತಾನೇ ಯೋಚಿಸಿ ಮಾಡಿಕೊಂಡ ಗೇಜನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಕೆಲಸಗಾರನನ್ನು ಸ್ವಾರ್ಥಿಯೆಂದು ಹಳಿಯುವ ಮೊದಲು ಇದನ್ನು ನೆನೆಯಬೇಕು.

ಹೆಚ್ಚು ಸಂಪಾದನೆಯೇ ಕಾಯಕಕ್ಕೆ ವಿರುದ್ಧವೆಂದು ವಾದಿಸುವವರು ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ಮುಂದೊಡ್ಡುತ್ತಾರೆ. ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಸೂಕ್ಷ್ಮವಾಗಿ ನೋಡಿದರೆ ಆಕೆ ಆಕ್ಷೇಪಿಸಿದುದು ಪತಿಯ ಕೈಚಳಕವನ್ನಲ್ಲ, ಅಗತ್ಯಕ್ಕೆ ಮೀರಿದ ಆಸೆಯನ್ನು. ಉಳಿದ ಹೊತ್ತು ಯಾರ ಪಾಲಾಗಬೇಕೆಂಬುದೇ ಪ್ರಶ್ನೆ. ಟರ್ನರನ ಬೆನ್ನಿನ ನೋವು ತಗ್ಗಿ, ಅವನು ಸಂಜೆ ಮನೆಗೆ ಬೇಗ ಸೇರುವುದಾದರೆ ಆ ಕುಶಲತೆ ಕಾಯಕದ ಅಂಗವೇ ಸರಿ. ಅವನ ನಿಪುಣತೆಯಿಂದ ಅವನ ಕೂಲಿಯೇ ಇಳಿಯುವುದಾದರೆ ಅದನ್ನು ದಕ್ಷತೆಯೆಂದು ಕರೆಯುವುದು ಪದಕ್ಕೆ ಮಾಡುವ ಅಪಚಾರ.

ಕೈಯುಳಿಯಬೇಕೆಂಬ ಎರಡನೆಯ ನಿಬಂಧನೆ ಇಲ್ಲಿ ಅಕ್ಷರಶಃ ಸತ್ಯ. ಚಕ್ಕಿನ ಕೀಲಿಯನ್ನು ಅದರಲ್ಲಿಯೇ ಬಿಟ್ಟು ಯಂತ್ರವನ್ನು ಚಾಲೂ ಮಾಡಿದರೆ ಅದು ಸಿಡಿದು ಎದುರಿಗಿದ್ದವನಿಗೆ ಬಡಿಯುತ್ತದೆ. ತಿರುಗುತ್ತಿರುವಾಗಲೇ ಅಳತೆ ನೋಡುವುದು, ಸುರುಳಿಗಳನ್ನು ಬರಿಗೈಯಿಂದ ಎಳೆಯುವುದು, ಸಡಿಲವಾದ ತೋಳಿನ ಅಂಗಿಯನ್ನು ತೊಡುವುದು, ಇವೆಲ್ಲ ಕೆಲವು ಕ್ಷಣಗಳನ್ನು ಉಳಿಸುವ ಆಸೆಯಿಂದಲೋ ಅಲಕ್ಷ್ಯದಿಂದಲೋ ಆಗುವಂಥವು. ರಕ್ಷಣೆಗೆಂದು ಕೈಚೀಲ ತೊಟ್ಟವನ ಕೈಯನ್ನೂ ತಿರುಗುವ ಲೇತು ಚೀಲದ ಸಮೇತ ಒಳಗೆಳೆದುಕೊಳ್ಳಬಲ್ಲುದು. ಇಲ್ಲಿ ಕೈಚೀಲವೇ ಅಪಾಯ. ಬೇಕಾದುದು ಕಣ್ಣಿಗೆ ಕನ್ನಡಕ.

ಸಂಖ್ಯೆಗಳ ಆಜ್ಞೆಯಂತೆ ತಾನೇ ನಡೆಯುವ ಸಿ.ಎನ್.ಸಿ. ಯಂತ್ರಗಳು ಬಂದ ಮೇಲೆ ಇವೆಲ್ಲ ಹಳತಾದವೆಂದು ತಿಳಿಯುವುದು ಸರಿಯಲ್ಲ. ಸಾವಿರಾರು ತುಂಡುಗಳಿಗೆ ಆ ಯಂತ್ರ ಒಪ್ಪುತ್ತದೆ. ನಾಲ್ಕೋ ಹತ್ತೋ ಬೇಕಾದಾಗ, ಮುರಿದ ಭಾಗವೊಂದನ್ನು ಅಂದೇ ಮಾಡಿಕೊಡಬೇಕಾದಾಗ ಹಳೆಯ ಲೇತಿಗೇ ಬರಬೇಕು. ಸಿ.ಎನ್.ಸಿ.ಗೂ ಟೂಲನ್ನು ಕೂರಿಸಿ, ವೇಗವನ್ನು ಗೊತ್ತುಮಾಡಿ, ಮೊದಲ ತುಂಡನ್ನು ಅಳೆಯುವವನು ಮನುಷ್ಯನೇ.

ಕಸುಬಿನ ಶಿಕ್ಷಣಕ್ಕೆ ನೆರವಾಗುವ ದಾನಿಗಳು ಸಾಮಾನ್ಯವಾಗಿ ಯಂತ್ರವನ್ನೇ ಕೊಡಲು ಬಯಸುತ್ತಾರೆ. ಹೆಸರನ್ನು ಕೆತ್ತಿಸಲು ಅದರಲ್ಲಿ ಜಾಗವಿರುತ್ತದೆ. ಸಾಣೆಚಕ್ರದ ಮುಖವನ್ನು ಹದಗೊಳಿಸುವ ಡ್ರೆಸ್ಸರು, ಒಂದು ಜೊತೆ ಗೇಜುಗಳು, ವಿದ್ಯಾರ್ಥಿಗೊಂದರಂತೆ ಕನ್ನಡಕ, ಯಾವ ಉಪಕರಣ ಎಲ್ಲಿರಬೇಕೆಂಬ ಆಕೃತಿಯನ್ನು ಬಣ್ಣದಲ್ಲಿ ಬರೆದ ಹಲಗೆ, ಇವುಗಳ ಮೇಲೆ ಹೆಸರು ಹಿಡಿಸುವುದಿಲ್ಲ. ಆದರೆ ಕೀಲಿಯನ್ನು ಹುಡುಕದೆ, ಕಣ್ಣಿಗೆ ಚೂರು ಸಿಡಿಸಿಕೊಳ್ಳದೆ ಹುಡುಗನೊಬ್ಬನು ತನ್ನ ಮೊದಲ ಪಿನ್ನನ್ನು ಸರಿಯಾದ ಅಳತೆಗೆ ತರುವುದು ಇವುಗಳಿಂದಲೇ.