ಹಳೆಯ ಮನೆ ಕೊಳ್ಳುವ ಮುನ್ನ ಗೋಡೆಯನ್ನೂ ಓದಿ

ಸ್ವಂತ ಮನೆಯೆಂಬುದು ಮನುಷ್ಯನ ದೊಡ್ಡ ಕನಸುಗಳಲ್ಲಿ ಒಂದು. ವಿಶಾಲವಾದ ಮನೆ, ಸಜ್ಜನ ನೆರೆಯವನು, ಉತ್ತಮ ಸಂಗಾತಿ, ಹಿತಕರವಾದ ವಾಹನ ಇವು ಮನುಷ್ಯನ ಸೌಭಾಗ್ಯಗಳೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದ್ದರಿಂದ ಮನೆಯ ಆಸೆ ಕೆಟ್ಟ ಆಸೆಯಲ್ಲ. ಆದರೆ ಈ ಆಸೆಯ ಆತುರದಲ್ಲಿ ಇಡೀ ಬದುಕಿನ ಉಳಿತಾಯವನ್ನು ಒಂದೇ ದಿನ ಬೇರೆಯವರ ಕೈಗೆ ಕೊಟ್ಟುಬಿಡುವ ನಾವು, ಅದಕ್ಕೆ ಪ್ರತಿಯಾಗಿ ಏನನ್ನು ಪಡೆಯುತ್ತಿದ್ದೇವೆ ಎಂಬುದನ್ನು ಎಷ್ಟರ ಮಟ್ಟಿಗೆ ಪರೀಕ್ಷಿಸುತ್ತೇವೆ?

ಹೊಸೂರು ರಸ್ತೆಯ ಸಿಂಗಸಂದ್ರವನ್ನೇ ನೋಡಿ. ಸಮೀಪದಲ್ಲಿ ಎಲೆಕ್ಟ್ರಾನಿಕ್ ಸಿಟಿ ಬೆಳೆಯುವ ಮೊದಲು ಇದು ಕೆರೆಯಿದ್ದ ಒಂದು ಹಳ್ಳಿ. ಕಾರ್ಖಾನೆಗಳು ಬಂದವು, ಸಾಫ್ಟ್‌ವೇರ್ ಕಂಪೆನಿಗಳು ಬಂದವು, 2007ರಲ್ಲಿ ನಗರದ ಸುತ್ತಲಿನ ಊರುಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು, 2010ರಲ್ಲಿ ಮೇಲ್ಸೇತುವೆ ಸಂಚಾರಕ್ಕೆ ತೆರೆಯಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಓಡತೊಡಗಿತು. ಸಿಂಗಸಂದ್ರಕ್ಕೂ ಒಂದು ನಿಲ್ದಾಣ ಸಿಕ್ಕಿತು. ಇಂತಹ ಕಡೆ ಖಾಲಿ ನಿವೇಶನ ಕೊಂಡು ಹೊಸದಾಗಿ ಮನೆ ಕಟ್ಟುವುದು ಸಾಮಾನ್ಯ ಸಂಬಳದವರಿಗೆ ಎಟುಕುವ ಮಾತಲ್ಲ. ಆಗ ಕಣ್ಣು ಹೋಗುವುದು ಇಪ್ಪತ್ತು ಇಪ್ಪತ್ತೈದು ವರ್ಷ ಹಳೆಯ, "ರೀಸೇಲ್" ಮನೆಗಳ ಕಡೆಗೆ.

ಕಾಗದ ನೋಡುತ್ತೇವೆ, ಮನೆ ನೋಡುವುದಿಲ್ಲ

ಕಾಗದಪತ್ರಗಳ ವಿಷಯದಲ್ಲಿ ನಮ್ಮವರು ಈಗ ಸ್ವಲ್ಪ ಎಚ್ಚೆತ್ತಿದ್ದಾರೆ. ವಕೀಲರಿಗೆ ಮೂಲಪತ್ರ ತೋರಿಸುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ಎ ಖಾತೆಯೋ ಬಿ ಖಾತೆಯೋ ಎಂದು ವಿಚಾರಿಸುತ್ತಾರೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾದ ಮೇಲೆ ಈ ಎಚ್ಚರ ಇನ್ನೂ ಹೆಚ್ಚಿದೆ. ಇದು ಒಳ್ಳೆಯದೇ. ಆದರೆ ಕಾಗದ ಹೇಳುವುದು ಜಾಗ ಯಾರದ್ದು ಎಂಬುದನ್ನು ಮಾತ್ರ. ಸೂರು ಸೋರುತ್ತದೆಯೇ, ಕಂಬಿ ತುಕ್ಕು ಹಿಡಿದಿದೆಯೇ, ಮಗು ಸ್ವಿಚ್ ಮುಟ್ಟಿದರೆ ಶಾಕ್ ಹೊಡೆಯುತ್ತದೆಯೇ ಎಂದು ಯಾವ ಕ್ರಯಪತ್ರವೂ ಹೇಳುವುದಿಲ್ಲ. ಅದನ್ನು ಗೋಡೆಯೇ ಹೇಳಬೇಕು, ನಾವು ಓದಬೇಕು.

ನಮ್ಮ ಸಮುದಾಯದಲ್ಲಿ ಈ ಮಾತಿಗೆ ಇನ್ನೊಂದು ಮುಖವಿದೆ. ಬ್ಯಾಂಕಿನಿಂದ ಸಾಲ ಪಡೆದು ಮನೆ ಕೊಳ್ಳುವವರಿಗೆ ಬ್ಯಾಂಕೇ ಒಬ್ಬ ವಕೀಲರನ್ನೂ ಒಬ್ಬ ಮೌಲ್ಯಮಾಪಕರನ್ನೂ ನೇಮಿಸುತ್ತದೆ. ಅವರು ಬ್ಯಾಂಕಿನ ಹಣದ ಭದ್ರತೆಗಾಗಿ ಬರುವವರು ನಿಜ. ಆದರೂ ಹೊರಗಿನವರೊಬ್ಬರು ಮನೆಯನ್ನು ಒಮ್ಮೆ ಕಣ್ಣಾರೆ ಕಂಡಂತಾಗುತ್ತದೆ. ಬಡ್ಡಿಯಿಂದ ದೂರವಿರಬೇಕೆಂದು ಹೆಂಡತಿಯ ಒಡವೆ ಮಾರಿ, ಗಲ್ಫ್‌ನಲ್ಲಿ ದುಡಿದದ್ದನ್ನು ಕೂಡಿಟ್ಟು, ಅಣ್ಣತಮ್ಮಂದಿರಿಂದ ಕೈಸಾಲ ಪಡೆದು ಪೂರ್ತಿ ಹಣ ಕೊಟ್ಟು ಕೊಳ್ಳುವ ಕುಟುಂಬಕ್ಕೆ ಆ ಒಂದು ಕಣ್ಣೂ ಇಲ್ಲ. ಹರಾಮಿನಿಂದ ತಪ್ಪಿಸಿಕೊಳ್ಳಲು ಇಷ್ಟೊಂದು ಕಷ್ಟಪಟ್ಟ ಹಣ ಬಿರುಕು ಬಿಟ್ಟ ಗೋಡೆಯ ಪಾಲಾಗಬಾರದು. ಆದ್ದರಿಂದ ಬ್ಯಾಂಕ್ ಮಾಡಿಸುವ ಪರೀಕ್ಷೆಯನ್ನು ಸ್ವತಃ ಮಾಡಿಸಿಕೊಳ್ಳುವ ಹೊಣೆ ಇಂಥವರ ಮೇಲೆ ಇಮ್ಮಡಿಯಾಗಿದೆ.

ರಾಶಿಯೊಳಗೆ ಕೈ ಹಾಕಿದ ಪ್ರವಾದಿ(ಸ)

ಸಹೀಹ್ ಮುಸ್ಲಿಮ್‌ನಲ್ಲಿರುವ ಪ್ರಸಿದ್ಧ ಘಟನೆಯೊಂದು ನಿಮಗೆ ತಿಳಿದಿರಬಹುದು. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತು ಅದರೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಗಲಿತು. ವಿಚಾರಿಸಿದಾಗ, ಮಳೆಗೆ ನೆನೆದಿದೆ ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಅವರು ಪ್ರಶ್ನಿಸಿದರು. ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು.

ಈ ಹದೀಸನ್ನು ನಾವು ಸಾಮಾನ್ಯವಾಗಿ ಮಾರುವವನಿಗೆ ಹೇಳುತ್ತೇವೆ. ಅದರಲ್ಲಿ ಕೊಳ್ಳುವವನಿಗೂ ಪಾಠವಿದೆ. ಮೇಲಿನ ಒಣ ಧಾನ್ಯವನ್ನು ನೋಡಿ ಅವರು ಮುಂದೆ ಹೋಗಲಿಲ್ಲ, ಒಳಗೆ ಕೈ ಹಾಕಿದರು. ಸರಕನ್ನು ಪರೀಕ್ಷಿಸುವುದು ಮಾರುವವನ ಮೇಲಿನ ಅಪನಂಬಿಕೆಯಲ್ಲ, ಅವಮಾನವೂ ಅಲ್ಲ. ಹೊಸ ಬಣ್ಣ ಬಳಿದ ಗೋಡೆ ಆ ರಾಶಿಯ ಮೇಲಿನ ಒಣ ಧಾನ್ಯದಂತೆ. ತೇವ ಇದ್ದರೆ ಅದು ಒಳಗಿರುತ್ತದೆ.

ದೋಷವಿರುವ ವಸ್ತುವನ್ನು ಅದರ ದೋಷ ತಿಳಿಸದೆ ಮಾರುವುದು ಧರ್ಮಸಮ್ಮತವಲ್ಲವೆಂದೂ ಹದೀಸ್‌ನಲ್ಲಿದೆ. ಬಚ್ಚಿಟ್ಟ ದೋಷ ಆಮೇಲೆ ಪತ್ತೆಯಾದರೆ ಖರೀದಿಯನ್ನು ರದ್ದುಮಾಡುವ ಹಕ್ಕನ್ನು ಫಿಕ್‌ಹ್ ಗ್ರಂಥಗಳು "ಖಿಯಾರುಲ್ ಐಬ್" ಎಂಬ ಹೆಸರಿನಲ್ಲಿ ಚರ್ಚಿಸುತ್ತವೆ. ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದ್ದರೂ, ದೋಷ ತಿಳಿದೂ ಒಪ್ಪಿಕೊಂಡವನಿಗೆ ಈ ಹಕ್ಕಿಲ್ಲ ಎಂಬುದು ತಿಳಿದ ವಿಷಯ.

ದೇಶದ ಕಾನೂನು ಕೂಡ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವನು ತನಗೆ ತಿಳಿದಿರುವ, ಆದರೆ ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಮುಖ್ಯ ದೋಷಗಳನ್ನು ತಿಳಿಸಲೇಬೇಕು. ಮುಚ್ಚಿಟ್ಟರೆ ಅದು ವಂಚನೆ. ಆದರೆ "ಸಾಮಾನ್ಯ ಎಚ್ಚರಿಕೆ" ಎಂಬ ಮಾತನ್ನು ಗಮನಿಸಿ. ಕಣ್ಣೆದುರಿಗಿದ್ದ ಬಿರುಕನ್ನು ನೀವು ನೋಡದಿದ್ದರೆ ಕಾನೂನು ನಿಮ್ಮ ನೆರವಿಗೆ ಬರುವುದು ಕಷ್ಟ. ಹೊಸ ಯೋಜನೆಗಳಲ್ಲಿ ಕೊಂಡವರಿಗೆ 2016ರ ರೇರಾ ಕಾಯ್ದೆಯಂತೆ ಐದು ವರ್ಷಗಳವರೆಗೆ ಕಟ್ಟಡದ ದೋಷಗಳನ್ನು ಬಿಲ್ಡರ್ ಸರಿಪಡಿಸಿಕೊಡಬೇಕಾಗುತ್ತದೆ. ಒಬ್ಬ ಮನೆಯೊಡೆಯನಿಂದ ಹಳೆಯ ಮನೆ ಕೊಂಡವನಿಗೆ ಆ ರಕ್ಷಣೆಯಿಲ್ಲ.

ಮನೆ ಮೊದಲೇ ಮಾತನಾಡುತ್ತದೆ

2021ರ ಸೆಪ್ಟೆಂಬರ್ 27ರಂದು ಇದೇ ಹೊಸೂರು ರಸ್ತೆಯ ಬದಿಯ ಲಕ್ಕಸಂದ್ರದಲ್ಲಿ ಹಳೆಯ ಕಟ್ಟಡವೊಂದು ಕುಸಿದು ಬಿತ್ತು. ಅಲ್ಲಿ ಮೆಟ್ರೊ ಕಾಮಗಾರಿಯ ಕಾರ್ಮಿಕರು ವಾಸವಿದ್ದರು. ಅದಾಗಿ ಹತ್ತೇ ದಿನಕ್ಕೆ, ಅಕ್ಟೋಬರ್ 7ರಂದು, ಕಸ್ತೂರಿನಗರದಲ್ಲಿ ಬಹುಮಹಡಿ ಕಟ್ಟಡವೊಂದು ಬಿತ್ತು. ಎರಡೂ ಕಡೆ ಒಳಗಿದ್ದವರು ಮುಂಚೆಯೇ ಹೊರಬಂದಿದ್ದರಿಂದ ಅಲ್ಲಾಹನ ಕೃಪೆಯಿಂದ ಪ್ರಾಣಹಾನಿಯಾಗಲಿಲ್ಲ. ಕಟ್ಟಡವು ಸಾಮಾನ್ಯವಾಗಿ ಹೇಳದೆ ಕೇಳದೆ ಬೀಳುವುದಿಲ್ಲ. ಬಿರುಕು, ವಾಲುವಿಕೆ, ಬಿಗಿಯಾದ ಬಾಗಿಲು ಹೀಗೆ ತನ್ನದೇ ಭಾಷೆಯಲ್ಲಿ ಮೊದಲೇ ತಿಳಿಸುತ್ತದೆ.

ಹಾಗಾದರೆ ನೋಡಬೇಕಾದುದೇನು?

ಬಿರುಕುಗಳು: ಗಾರೆಯ ಮೇಲಿನ ಕೂದಲೆಳೆಯಂತಹ ಗೆರೆಗಳಿಗೆ ಹೆದರಬೇಕಿಲ್ಲ. ಆದರೆ ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೋಗುವ, ಬ್ಲಾಕುಗಳ ಸಂದಿನಲ್ಲಿ ಮೆಟ್ಟಿಲಿನಂತೆ ಇಳಿಯುವ, ಗೋಡೆಯ ಎರಡೂ ಬದಿಗೆ ಕಾಣುವ ಬಿರುಕು ತಳಪಾಯ ಕುಸಿಯುತ್ತಿರುವುದರ ಗುರುತಾಗಿರಬಹುದು. ಬಿರುಕಿನ ಮೇಲೆ ಸಣ್ಣ ಗಾಜಿನ ಪಟ್ಟಿಯನ್ನು ಅಂಟಿಸಿ ಕೆಲವು ವಾರ ಬಿಡುವ ಹಳೆಯ ಕ್ರಮವೊಂದಿದೆ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ.

ಕಂಬಿ: ಸೂರಿನ ಸಿಮೆಂಟು ಚಕ್ಕೆಯಾಗಿ ಉದುರಿ ಕಂಬಿ ಕಾಣುತ್ತಿದೆಯೇ? ಬಚ್ಚಲು ಮನೆಯ ಮೇಲ್ಭಾಗ, ಸಜ್ಜಾ, ಬಾಲ್ಕನಿಗಳ ಅಡಿಭಾಗವನ್ನು ವಿಶೇಷವಾಗಿ ನೋಡಿ. ಕಬ್ಬಿಣ ತುಕ್ಕು ಹಿಡಿದಾಗ ಹಿಗ್ಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಒಡೆಯುತ್ತದೆ. ಮೇಲೆ ಗಾರೆ ಮೆತ್ತಿದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ.

ಮಹಡಿಗಳು: ಬೆಂಗಳೂರಿನ ಈ ಹೊರವಲಯದಲ್ಲಿ ಇದೇ ಮುಖ್ಯ ಪ್ರಶ್ನೆ. ಮೊದಲು ಒಂದು ಮಹಡಿಗೆಂದು ಪಾಯ ಹಾಕಿ, ಬಾಡಿಗೆಯ ಆಸೆಗೆ ಮೇಲೆ ಎರಡು ಮೂರು ಮಹಡಿ ಏರಿಸಿದ ಮನೆಗಳಿವೆ. ಪಾಯ ಎಷ್ಟು ಮಹಡಿಗೆ ಹಾಕಿದ್ದು? ಪಿಲ್ಲರ್ ಇದೆಯೇ, ಅಥವಾ ಆರಿಂಚಿನ ಬ್ಲಾಕ್ ಗೋಡೆಯೇ ಎಲ್ಲ ಭಾರ ಹೊತ್ತಿದೆಯೇ? ಮಂಜೂರಾದ ನಕ್ಷೆಯೊಂದಿಗೆ ಈಗಿರುವ ಮನೆಯನ್ನು ಹೋಲಿಸಿ ನೋಡಿ.

ತೇವ: ನೆಲದಿಂದ ಎರಡು ಮೂರು ಅಡಿಯವರೆಗೆ ಬಣ್ಣ ಉಬ್ಬಿದೆಯೇ, ಬಿಳಿಯ ಉಪ್ಪು ಏಳುತ್ತಿದೆಯೇ? ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಏಕೆ? ಕಪಾಟು, ಕ್ಯಾಲೆಂಡರುಗಳ ಹಿಂದೆಯೂ ನೋಡಿ. ಸಾಧ್ಯವಾದರೆ ದೊಡ್ಡ ಮಳೆಯ ಮರುದಿನವೇ ಮನೆಗೆ ಹೋಗಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಇದಕ್ಕೆ ಸರಿಯಾದ ಕಾಲ.

ತಾರಸಿ: ನೀರು ನಿಂತ ಗುರುತು, ಪಾಚಿ, ಒಡೆದ ಟೈಲ್ಸ್ ಇವೆಯೇ? ನಾಣ್ಯದಿಂದ ತಟ್ಟಿದಾಗ ಪೊಳ್ಳು ಸದ್ದು ಬರುವ ಕಡೆ ಗಾರೆ ಎದ್ದಿರುತ್ತದೆ. ಪ್ಯಾರಪೆಟ್ ಗೋಡೆ ಗಟ್ಟಿಯಾಗಿದೆಯೇ ಎಂದು ನೋಡಿ. ತಡೆಯಿಲ್ಲದ ಮಾಳಿಗೆಯ ಮೇಲೆ ಮಲಗುವವನನ್ನು ಪ್ರವಾದಿವರ್ಯರು(ಸ) ಎಚ್ಚರಿಸಿದ ಮಾತು ಅಬೂದಾವೂದ್‌ನಲ್ಲಿದೆ.

ಸಂಪು ಮತ್ತು ಗುಂಡಿ: ಸಂಪು ತುಂಬಿಸಿ, ನೀರು ಒಳಬರುವ ವಾಲ್ವ್ ಮುಚ್ಚಿ, ಮೋಟಾರ್ ಹಾಕದೆ ರಾತ್ರಿ ಮಟ್ಟದ ಗುರುತು ಮಾಡಿಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ನೀರು ಪಾಯದ ಮಣ್ಣಿಗೆ ಹೋಗುತ್ತಿರಬಹುದು. ಶೌಚಾಲಯದ ನೀರು ಒಳಚರಂಡಿಗೆ ಸೇರಿದೆಯೇ ಅಥವಾ ಮನೆಯಡಿಯ ಹಳೆಯ ಪಿಟ್ ಗುಂಡಿಗೋ? ಕಾವೇರಿ ಐದನೇ ಹಂತದ ನೀರು 2024ರ ಅಕ್ಟೋಬರ್‌ನಲ್ಲಿ ಬಂದಿತಾದರೂ, ಈ ಮನೆಗೆ ಸಂಪರ್ಕವಿದೆಯೇ, ಬೋರ್‌ವೆಲ್ ಬೇಸಿಗೆಯಲ್ಲಿ ಬತ್ತುತ್ತದೆಯೇ ಎಂದು ಕೇಳಿ ತಿಳಿಯಿರಿ.

ವಿದ್ಯುತ್ತು: ಹಳೆಯ ಮನೆಗಳಲ್ಲಿ ಅರ್ಥಿಂಗ್ ಇಲ್ಲದ ವೈರಿಂಗ್ ಇರುವುದುಂಟು. ಅಂದು ಎರಡು ಫ್ಯಾನಿಗೆ ಎಳೆದ ತಂತಿಯ ಮೇಲೆ ಇಂದು ಗೀಸರ್, ವಾಷಿಂಗ್ ಮೆಷಿನ್, ಎ.ಸಿ. ಎಲ್ಲ ಹೇರುತ್ತೇವೆ. ಶಾಕ್ ತಗಲಿದೊಡನೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇದೆಯೇ, ಅದರ ಪರೀಕ್ಷಾ ಗುಂಡಿ ಒತ್ತಿದರೆ ಕೆಲಸ ಮಾಡುತ್ತದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ.

ಗೆದ್ದಲು: ಬಾಗಿಲ ಚೌಕಟ್ಟಿನ ಬುಡ ಮತ್ತು ಅಡುಗೆಮನೆಯ ಕಪಾಟಿನ ಹಿಂಬದಿಯನ್ನು ಬೆರಳಿನಿಂದ ತಟ್ಟಿ, ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ.

ಸುತ್ತಲಿನ ನೆಲ: ಮನೆಯಷ್ಟೇ ಅಲ್ಲ, ಮನೆ ನಿಂತಿರುವ ಜಾಗವನ್ನೂ ನೋಡಬೇಕು. ಕೆರೆ ಮತ್ತು ರಾಜಕಾಲುವೆ ಎಷ್ಟು ದೂರದಲ್ಲಿವೆ? ಕಂದಾಯ ಇಲಾಖೆಯ ಗ್ರಾಮನಕ್ಷೆ ಏನು ಹೇಳುತ್ತದೆ? 2016ರ ಆಗಸ್ಟ್‌ನಲ್ಲಿ ಬೇಗೂರು ಕಡೆಯ ಅವನಿ ಶೃಂಗೇರಿನಗರದಲ್ಲಿ ರಾಜಕಾಲುವೆ ಒತ್ತುವರಿಯೆಂದು ಮನೆಗಳನ್ನು ಕೆಡವಿದಾಗ, ಕಾಗದಗಳನ್ನು ಕೈಯಲ್ಲಿ ಹಿಡಿದುಕೊಂಡೇ ಜನ ಬೀದಿಯಲ್ಲಿ ನಿಂತರು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದ್ದನ್ನೂ ನಾವು ಮರೆತಿಲ್ಲ.

ಯಾರಿಂದ ನೋಡಿಸಬೇಕು?

ಮೇಲಿನದೆಲ್ಲ ನಿಮ್ಮ ಕಣ್ಣು ತೆರೆಸಲು ಸಾಕು, ತೀರ್ಪು ಕೊಡಲು ಸಾಲದು. ಕಟ್ಟಡಗಳ ಭದ್ರತೆ ತಿಳಿದ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಶುಲ್ಕ ಕೊಟ್ಟು ಕರೆದೊಯ್ಯಿರಿ. ಅನುಮಾನ ಬಂದ ಕಡೆ ಅವರು ರಿಬೌಂಡ್ ಹ್ಯಾಮರ್‌ನಂತಹ ಉಪಕರಣಗಳಿಂದ, ಗೋಡೆ ಒಡೆಯದೆಯೇ ಕಾಂಕ್ರೀಟಿನ ಗಟ್ಟಿತನವನ್ನು ಅಂದಾಜು ಮಾಡಬಲ್ಲರು. ವರದಿಯನ್ನು ಬರವಣಿಗೆಯಲ್ಲೇ ಪಡೆಯಿರಿ. ಮನೆಯ ಬೆಲೆಯ ಮುಂದೆ ಈ ಶುಲ್ಕ ಏನೇನೂ ಅಲ್ಲ. ಒಂದು ಎಚ್ಚರಿಕೆ: ದಲ್ಲಾಳಿ ಕರೆತಂದ ಇಂಜಿನಿಯರ್ ಬೇಡ. ವ್ಯಾಪಾರ ಮುಗಿದರಷ್ಟೇ ಕಮಿಷನ್ ಸಿಗುವವನಿಗೆ ವ್ಯಾಪಾರ ನಿಲ್ಲಿಸುವ ಸತ್ಯ ಬೇಕಾಗಿರುವುದಿಲ್ಲ.

ಮನೆ ನೋಡಲು ಗಂಡಸರಷ್ಟೇ ಹೋಗಿ ಬರುವ ರೂಢಿಯನ್ನೂ ಬಿಡಬೇಕು. ದಿನದ ಹೆಚ್ಚು ಹೊತ್ತು ಆ ಮನೆಯಲ್ಲಿ ಇರುವವಳು ಗೃಹಿಣಿ. ನಲ್ಲಿಯ ರಭಸ, ಅಡುಗೆಮನೆಯ ಗಾಳಿ, ಬಚ್ಚಲಿನ ವಾಸನೆ ಆಕೆಯ ಕಣ್ಣಿಗೆ ಬೇಗ ಬೀಳುತ್ತವೆ. ಪಕ್ಕದ ಮನೆಯ ಹೆಂಗಸರೊಂದಿಗೆ, ಈಗಿರುವ ಬಾಡಿಗೆದಾರರೊಂದಿಗೆ ಆಕೆ ಹತ್ತು ನಿಮಿಷ ಮಾತನಾಡಿದರೆ, ದಲ್ಲಾಳಿ ಹತ್ತು ದಿನದಲ್ಲಿ ಹೇಳದ್ದು ತಿಳಿಯಬಹುದು.

ಪರೀಕ್ಷೆಯ ಸಮಯವೂ ಮುಖ್ಯ. ದೊಡ್ಡ ಮೊತ್ತದ ಮುಂಗಡ ಕೊಟ್ಟ ಮೇಲೆ ದೋಷ ಕಂಡರೂ ಹಿಂದೆ ಸರಿಯುವುದು ಕಷ್ಟ. ಅದಕ್ಕಿಂತ ಮೊದಲೇ ನೋಡಿಸಿ; ಆಗದಿದ್ದರೆ, ತಪಾಸಣೆಯಲ್ಲಿ ಕಟ್ಟಡದ ಭದ್ರತೆಗೆ ಸಂಬಂಧಿಸಿದ ದೋಷ ಕಂಡುಬಂದರೆ ಮುಂಗಡ ವಾಪಸು ಎಂಬ ಷರತ್ತನ್ನು ಕರಾರುಪತ್ರದಲ್ಲೇ ಬರೆಸಿ. ವ್ಯವಹಾರವನ್ನು ಬರೆದಿಡುವುದು ಕುರ್‌ಆನ್ ಕಲಿಸಿದ ಶಿಸ್ತು. ದೋಷ ಕಂಡ ಮಾತ್ರಕ್ಕೆ ಮನೆಯನ್ನು ಬಿಡಬೇಕೆಂದೇನಿಲ್ಲ. ವೈರಿಂಗ್, ಪೈಪು, ತಾರಸಿಯ ಸೋರಿಕೆ ಖರ್ಚಿನಿಂದ ಸರಿಹೋಗುತ್ತವೆ; ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಬಹುದು. ಪಾಯವೇ ಕುಸಿಯುತ್ತಿದ್ದರೆ, ಪಿಲ್ಲರ್‌ಗಳೇ ಸೋತಿದ್ದರೆ ಮಾತ್ರ ಎಷ್ಟು ಅಗ್ಗವಾಗಿ ಸಿಕ್ಕರೂ ಅದು ದುಬಾರಿ.

ಇಸ್ತಿಖಾರ ನಮಾಝ್ ನಿರ್ವಹಿಸಿದ್ದೇನೆ, ಇನ್ನೇನು ನೋಡುವುದು ಎನ್ನುವವರಿದ್ದಾರೆ. ಇಸ್ತಿಖಾರ ಎಂದರೆ ಅಲ್ಲಾಹನಲ್ಲಿ ಒಳಿತನ್ನು ಬೇಡುವುದು. ಅವನು ಕೊಟ್ಟ ಕಣ್ಣನ್ನು ಮುಚ್ಚಿಕೊಳ್ಳುವುದಲ್ಲ. ಬಲ್ಲವರೊಂದಿಗೆ ಸಮಾಲೋಚನೆಯೂ ಅದರ ಜೊತೆಗೇ ಸಾಗಬೇಕು. ಗೋಡೆಯ ವಿಷಯದಲ್ಲಿ ಬಲ್ಲವರು ಇಂಜಿನಿಯರ್‌ಗಳೇ ಹೊರತು ನನ್ನಂತಹ ಮದ್ರಸಾ ಅಧ್ಯಾಪಕರಲ್ಲ.

ಕೊನೆಯದಾಗಿ, ಹಳೆಯ ಮನೆಯನ್ನು ಮಾರಲು ಹೊರಟ ಓದುಗರಿಗೂ ಒಂದು ಮಾತು. ಸೋರುವ ಸೂರಿಗೆ ಸುಣ್ಣ ಬಳಿದು ಮಾರಿದರೆ ಒಂದಷ್ಟು ಹೆಚ್ಚು ಹಣ ಸಿಗಬಹುದು. ಆದರೆ ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ ದೋಷವನ್ನು ಸ್ಪಷ್ಟಪಡಿಸಿದರೆ ವ್ಯಾಪಾರದಲ್ಲಿ ಬರಕತ್ ಇರುತ್ತದೆಂದೂ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆಂದೂ ಬುಖಾರಿಯಲ್ಲಿದೆ. ನೀವು ಬಿಟ್ಟುಹೋದ ಆ ಸೂರಿನಡಿ ನಾಳೆ ಇನ್ನೊಬ್ಬರ ಮಕ್ಕಳು ಮಲಗುತ್ತಾರೆ. ಅವರ ಸುರಕ್ಷತೆಯ ಬಗ್ಗೆಯೂ ನಾವು ಉತ್ತರಿಸಬೇಕಾದೀತು ಎಂಬ ಭಯವಿರಲಿ.